ಮಾಲ್ಡೀವ್ಸ್ ಇಂಟರ್‌ವ್ಯೂಗೆ ಹೊಳಲ್ಕೆರೆ ತಯಾರಿ

ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಊರಿನವರೆಲ್ಲ ಬಂದು ಅದಕ್ಕೆ ಒಂದೊಂದು ಕೈ ಹಾಕಿ ಹೋಗಬೇಕು ಅಂತ ನನ್ನ ಹಣೆಯಲ್ಲಿ ಎಲ್ಲೋ ಬರೆದಿರಬೇಕು. ಬೇರೆಯವರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಕೂಡ ಪಕ್ಕದ ಮನೆಗೆ ಗೊತ್ತಾಗದ ಹಾಗೆ ಮುಗಿಯುತ್ತದೆ. ನಾನು ಒಂದು ಇಂಟರ್‌ವ್ಯೂಗೆ ತಯಾರಾಗ್ತೀನಿ ಅಂದರೆ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಿಂದ ಹಿಡಿದು ಹಿರಿಯೂರಿನವರೆಗೂ ಅದೇ ಮಾತು.

ವಿಷಯ ಇಷ್ಟೇ. ನಾನು ಹೊಳಲ್ಕೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು. ಶಾಲೆಯ ಸೆಕ್ರೆಟರಿಯವರದು ಅಡಿಕೆ ಮಂಡಿ. ಬಾಯಲ್ಲಿ ಎಲೆ ಅಡಿಕೆ ಇಲ್ಲದೆ ಅವರನ್ನು ಯಾರೂ ನೋಡಿಲ್ಲ, ಅವರ ಮಾತನ್ನು ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ. ಹೋದ ವರ್ಷ ಅವರ ಮಗನಿಗೆ ಮದುವೆಯಾಯಿತು. ಬಂದ ಸೊಸೆ ಬಿ.ಎಸ್ಸಿ., ಬಿ.ಎಡ್. ಮದುವೆ ಚಪ್ಪರ ಬಿಚ್ಚುವ ಮೊದಲೇ ನನ್ನನ್ನು ಕರೆಸಿದರು. "ಮೇಡಂನೋರೆ, ಜೂನ್‌ನಿಂದ ನೀವು ಎಲ್‌ಕೆಜಿ ನೋಡ್ಕಳ್ರಿ. ಫಿಸಿಕ್ಸು ನಮ್ ಹುಡುಗಿ ನೋಡ್ಕಂತಾಳೆ. ಮನೇಲಿ ಸುಮ್ನೆ ಕುಂತವ್ಳೆ ಪಾಪ" ಅಂದರು. ಎಲ್‌ಕೆಜಿ ಮಕ್ಕಳ ಮೂಗು ಒರೆಸುವುದಕ್ಕೆ ನನಗೇನೂ ಅವಮಾನವಿಲ್ಲ. ಆದರೆ ಇಷ್ಟು ವರ್ಷ ನಾನು ಕಟ್ಟಿದ ಕ್ಲಾಸನ್ನು ಕಿತ್ತುಕೊಂಡು ಸೊಸೆಗೆ ಮದುವೆ ಉಡುಗೊರೆ ಮಾಡಿ ಕೊಡುವುದು ಅಂದರೆ? ನನಗೆ ಮೈಯೆಲ್ಲ ಉರಿದುಹೋಯಿತು. ಆ ವಾರವೇ ಮಾಲ್ಡೀವ್ಸಿನ ಒಂದು ಸೆಕೆಂಡರಿ ಶಾಲೆಗೆ ಅರ್ಜಿ ಹಾಕಿದೆ. ಅವರು ಇಂಟರ್‌ವ್ಯೂಗೆ ಕರೆದರು. ಆಯಿತು ಅಂದರೆ ದ್ವೀಪ, ಆಗದಿದ್ದರೆ ಎಲ್‌ಕೆಜಿ. ಮಧ್ಯದಲ್ಲಿ ಇನ್ನೇನೂ ಇರಲಿಲ್ಲ.

ಗಂಡನಿಗೆ ಮಾತ್ರ ಹೇಳಿದೆ. ಅವರು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಕೆಲಸ ಮಾಡುವವರು. "ನಮ್ ರೈಲ್ವೆ ಪಾಸು ಅಲ್ಲಿಗೆ ನಡೆಯಲ್ಲ ಅಲ್ವೇನೇ?" ಅಂತ ಸ್ವಲ್ಪ ಹೊತ್ತು ಬೇಜಾರು ಮಾಡಿಕೊಂಡರು. "ಯಾರಿಗೂ ಹೇಳಬೇಡ್ರಿ" ಅಂದೆ. ಅವರೂ ಯಾರಿಗೂ ಹೇಳಲಿಲ್ಲ, ಸ್ಟೇಷನ್ನಿನಲ್ಲಿ ಒಬ್ಬರಿಗೆ ಬಿಟ್ಟು. ಅದು ಜಂಕ್ಷನ್ನು ನೋಡಿ, ಸುದ್ದಿ ಎಲ್ಲ ದಿಕ್ಕಿಗೂ ಹೊರಟಿತು. ಮಾರನೇ ದಿನ ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೇಳಿದ: "ಏನ್ ಮೇಡಂ, ಅಲ್ಲಿ ದೋಣಿ ಹತ್ತಿದ್ರೆ ಕೂರಾಕೆ ಸೀಟು ಸಿಗ್ತೈತಂತಾ?"

ಬಾಗಿಲು ತಟ್ಟುವ ವಿದ್ಯೆ

ಚಿತ್ರದುರ್ಗದಲ್ಲಿ ಇಂಟರ್‌ವ್ಯೂಗೆ ತಯಾರು ಮಾಡುವ ಗುರುಗಳೊಬ್ಬರಿದ್ದಾರೆ ಅಂತ ಯಾರೋ ಹೇಳಿದರು. ಹೋದೆ. ಬೇಕರಿಯ ಮೇಲೊಂದು ರೂಮು. ಬೆಳಿಗ್ಗೆ ಬ್ಯಾಂಕ್ ಪರೀಕ್ಷೆ ಕೋಚಿಂಗು, ಮಧ್ಯಾಹ್ನ ಸ್ಪೋಕನ್ ಇಂಗ್ಲಿಷು, ಸಂಜೆ ಅದೇ ರೂಮಿನಲ್ಲಿ ಮಕ್ಕಳಿಗೆ ಕರಾಟೆ. ಮಾರ್ಚ್ ತಿಂಗಳ ದುರ್ಗದ ಬಿಸಿಲು ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಆ ಬಿಸಿಲಲ್ಲೂ ಗುರುಗಳು ಕೋಟು ಟೈ ಹಾಕಿಕೊಂಡು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು.

"ಮೊದಲನೇ ಪಾಠ, ಕೈ ಕುಲುಕೋದು" ಅಂದರು.

"ಸರ್, ನನ್ನ ಇಂಟರ್‌ವ್ಯೂ ವಿಡಿಯೋದಲ್ಲಿ. ಯಾರ ಕೈ ಕುಲುಕಲಿ?"

"ಇರ್ಲಿ ಮೇಡಂ, ಸಿಲಬಸ್ಸಿನಲ್ಲೈತೆ. ಬಿಡಂಗಿಲ್ಲ."

ಕೈ ಕುಲುಕಿದ್ದಾಯಿತು. ಎರಡನೇ ಪಾಠ, ಬಾಗಿಲು ತಟ್ಟಿ ಒಳಗೆ ಬರುವುದು. "ಸರ್, ನಾನು ಲ್ಯಾಪ್‌ಟಾಪ್ ಮುಂದೆ ಕೂತೇ ಇರ್ತೀನಲ್ಲ?" ಅಂದರೆ, "ಕೂರೋದು ನಾಕನೇ ಪಾಠ ಮೇಡಂ, ಅವಸರ ಮಾಡಬಾರ್ದು" ಅಂತ ನನ್ನನ್ನು ಹೊರಗೆ ಕಳಿಸಿದರು. ತಟ್ಟಿದೆ. ಜೋರಾಯಿತಂತೆ. ಮತ್ತೆ ತಟ್ಟಿದೆ. ಅದರಲ್ಲಿ ಆತ್ಮವಿಶ್ವಾಸ ಇಲ್ಲವಂತೆ. ಅಷ್ಟರಲ್ಲಿ ಕರಾಟೆ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತವು. ನಾನು ಒಂದೊಂದು ಸಲ ಒಳಗೆ ಹೋಗಿ ಹೊರಗೆ ಬಂದಾಗಲೂ ಚಪ್ಪಾಳೆ ಹೊಡೆಯುತ್ತಿದ್ದವು. ಹತ್ತನೇ ಕ್ಲಾಸಿನ ಹುಡುಗರನ್ನು ಒಂದು ನೋಟದಲ್ಲಿ ಕೂರಿಸುವವಳು ನಾನು, ಅವತ್ತು ಆ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತಿದ್ದೆ.

ಕೊನೆಗೆ ತಡೆಯಲಾರದೆ ಕೇಳಿಯೇ ಬಿಟ್ಟೆ. "ಸರ್, ತಪ್ಪು ತಿಳೀಬೇಡಿ. ನೀವು ಎಷ್ಟು ಇಂಟರ್‌ವ್ಯೂ ಕೊಟ್ಟಿದೀರಿ?"

"ಲೆಕ್ಕಾನೇ ಇಲ್ಲ ಮೇಡಂ!"

"ಸೆಲೆಕ್ಟ್ ಆಗಿದ್ದು?"

ಗುರುಗಳು ಟೈ ಸಡಿಲ ಮಾಡಿಕೊಂಡು ನನ್ನನ್ನು ಕನಿಕರದಿಂದ ನೋಡಿದರು. "ಸೆಲೆಕ್ಟ್ ಆಗಿದ್ರೆ ಈ ಬಿಸಿಲಾಗೆ ಇಲ್ಯಾಕೆ ಕುಂತಿರ್ತಿದ್ದೆ ಮೇಡಂ?"

ಒಂದೇ ಒಂದು ಕುಂದು

ಗುರುಗಳು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನನಗೆ ಸರಿ ಅನ್ನಿಸಿತು. ಇಂಟರ್‌ವ್ಯೂನಲ್ಲಿ "ನಿಮ್ಮಲ್ಲಿರೋ ಕುಂದು ಏನು?" ಅಂತ ಕೇಳೇ ಕೇಳ್ತಾರಂತೆ. ನನಗೋ ನನ್ನ ಕುಂದು ಎಷ್ಟು ಯೋಚಿಸಿದರೂ ಹೊಳೆಯಲೊಲ್ಲದು. ಬುದ್ಧಿ ಕೆಟ್ಟು ಸ್ಟಾಫ್ ರೂಮಿನಲ್ಲಿ ಕೇಳಿಬಿಟ್ಟೆ. "ನೋಡ್ರಪ್ಪ, ನನ್ನಲ್ಲಿ ಏನಾದರೂ ಕುಂದಿದ್ದರೆ ಒಂದು ಹೇಳಿ. ಒಂದೇ ಸಾಕು."

ಪಿ.ಟಿ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಸಿಟ್ಟು ಮೇಡಂ. ಮೊದಲು ಅದನ್ನ ಹಾಕ್ಕಳ್ರಿ."

"ಸಿಟ್ಟಿಗಿಂತ ಆ ನಾಲಿಗೆ" ಅಂದರು ಹಿಂದಿ ಮೇಡಂ. "ಹೋದ ವರ್ಷ ನನ್ನ ಹೊಸ ಸೀರೆ ನೋಡಿ ಏನಂದ್ರು ಅಂತ ನಾನಿನ್ನೂ ಮರ್ತಿಲ್ಲ."

"ಚಾಕ್‌ಪೀಸು ತಗಂಡ್ರೆ ವಾಪಸ್ ಇಡಲ್ಲ" ಅಂತ ಡ್ರಾಯಿಂಗ್ ಮೇಷ್ಟ್ರು.

"ನಮ್ ಪೀರಿಯಡ್ ಶುರುವಾದ್ರೂ ಕ್ಲಾಸು ಬಿಡಲ್ಲ" ಅಂತ ಗಣಿತದವರು.

ಅಲ್ಲಿವರೆಗೆ ಒಂದು ವಿಷಯಕ್ಕೂ ಒಮ್ಮತ ಕಾಣದ ಸ್ಟಾಫ್ ರೂಮು ಅದು. ಟೀ ಯಾರು ತರಿಸಬೇಕು ಅನ್ನುವುದಕ್ಕೇ ಅಲ್ಲಿ ಎರಡು ಪಾರ್ಟಿ. ಅವತ್ತು ಎಲ್ಲರೂ ಒಂದೇ ತಾಯಿ ಮಕ್ಕಳ ಹಾಗೆ ಕೂತು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪು ಮಾಡಿಕೊಡುತ್ತಾ ನನ್ನ ಕುಂದುಗಳನ್ನು ಹೊರಗೆ ಹಾಕಿದರು. ಬೆಲ್ಲು ಹೊಡೆದರೂ ಒಬ್ಬರೂ ಏಳಲಿಲ್ಲ. ಜವಾನ ಕೂಡ ಬಾಗಿಲಲ್ಲಿ ನಿಂತು, "ನಂಗೆ ಒಂದಿನಾನೂ ನಮಸ್ಕಾರ ಅಂದಿಲ್ಲ" ಅಂತ ಸೇರಿಸಿ ಹೋದ.

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಆಯ್ತು, ಕುಂದು ಸಾಕು. ಇನ್ನು ನನ್ನ ಒಳ್ಳೇ ಗುಣ ಹೇಳಿ, ಅದನ್ನೂ ಕೇಳ್ತಾರಂತೆ" ಅಂದೆ.

ಗಣಿತದವರು ಕಿಟಕಿ ಕಡೆ ನೋಡಿದರು. ಡ್ರಾಯಿಂಗ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಕೊನೆಗೆ ಪಿ.ಟಿ. ಮೇಷ್ಟ್ರು ಧೈರ್ಯ ಮಾಡಿದರು.

"ನಿಮ್ ಅತ್ತೆ ಮಾಡಿ ಕಳ್ಸೋ ಚಿತ್ರಾನ್ನ ಭಾಳ ಚೆನ್ನಾಗಿರ್ತೈತೆ ಮೇಡಂ."

ಉದ್ದ ತೋಳು

ನಮ್ಮತ್ತೆಗೆ ಮಾಲ್ಡೀವ್ಸ್ ಅಂದರೆ ಟೀವಿಯಲ್ಲಿ ತೋರಿಸುವ ಮಾಲ್ಡೀವ್ಸ್. ಸಿನಿಮಾದವರು ಮದುವೆಯಾದ ಮೇಲೆ ಹೋಗಿ ಮರಳಿನ ಮೇಲೆ ಮಲಗಿಕೊಳ್ಳುವ ಜಾಗ. ಸುದ್ದಿ ಕಿವಿಗೆ ಬಿದ್ದ ದಿನದಿಂದ ಅವರು ಸರಿಯಾಗಿ ಮುದ್ದೆ ನುಂಗಿರಲಿಲ್ಲ.

"ಅಲ್ಲಿ ಹೆಣ್ಮಕ್ಳು ಮೈಮೇಲೆ ಒಂದು ಕರ್ಚೀಫಿನಷ್ಟು ಬಟ್ಟೆ ಹಾಕ್ಕಂತಾರೆ ಕಣವ್ವ. ನಾನೇ ನೋಡೀನಿ. ನೀನು ಅದನ್ನ ಹಾಕ್ಕಂಡು ಪಾಠ ಮಾಡ್ತೀಯಾ?"

"ಅತ್ತೆ, ಅದು ಟೂರಿಗೆ ಹೋದವರು. ನಾನು ಹೋಗೋದು ಸ್ಕೂಲಿಗೆ."

"ಮರಳು ಅದೇ ತಾನೆ?"

ಇಂಟರ್‌ವ್ಯೂಗೆ ಒಂದು ಹೊಸ ಬ್ಲೌಸಾದರೂ ಇರಲಿ ಅಂತ ನಾವಿಬ್ಬರೂ ದರ್ಜಿ ಖಾಲಾ ಮನೆಗೆ ಹೋದೆವು. ಖಾಲಾ ಅಂತ ಊರೆಲ್ಲ ಕರೆಯುವ ಆಕೆ ನಮ್ಮ ಕ್ವಾರ್ಟರ್ಸಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದು ಕೊಡುವವರು. ಅಳತೆ ಟೇಪು ಕೊರಳಿಗೆ ಹಾಕಿಕೊಂಡು, "ಯಾವ ದೇಶಕ್ಕಂತೆ?" ಅಂದರು. ಹೇಳಿದೆ. ಆಕೆಯ ಮುಖ ಅರಳಿತು.

"ಮಾಲ್ಡೀವ್ಸಾ! ಅಲ್ಲೆಲ್ಲ ನಮ್ಮೋರೇ ಇರೋದು ಮೇಡಂ. ನಮ್ ಅಕ್ಕನ ಮಗ ಅಲ್ಲಿ ಹೋಟ್ಲಲ್ಲವ್ನೆ. ಟೀಚರ್‌ಗೋಳು ತಲೆ ಮೇಲೆ ಬಟ್ಟೆ ಹಾಕ್ಕಂಡು, ಮೈ ತುಂಬ ಮುಚ್ಕಂಡು ಬರ್ತಾರಂತೆ. ಉದ್ದ ತೋಳು ಹೊಲೀತೀನಿ, ಕತ್ತೂ ಮೇಲಕ್ಕಿಡ್ತೀನಿ. ಹಿಂದೆ ಇಷ್ಟಗಲ ಬಿಡ್ತೀರಲ್ಲ, ಅದೆಲ್ಲ ಅಲ್ಲಿ ನಡಿಯಲ್ಲ."

ನಮ್ಮತ್ತೆ ಬಾಯಿ ಬಿಟ್ಟುಕೊಂಡು ಕೂತರು. ನನ್ನ ಬ್ಲೌಸಿನ ಬೆನ್ನಿನ ಬಗ್ಗೆ ಅವರು ಮದುವೆಯಾದಾಗಿನಿಂದ ಹೇಳುತ್ತಾ ಬಂದ ಮಾತನ್ನು ಒಂದು ಇಡೀ ದೇಶ ಹೇಳುತ್ತೆ ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಖಾಲಾ ಹೊಲಿಗೆ ಮಿಷನ್ನಿನ ಮುಂದೆ ಕೂತ ಮೇಲೆ ಅವರನ್ನೇ ಕೇಳಿದರು.

"ಅಲ್ಲವ್ವ, ಅವರು ಅಂಥ ಮಾನವಂತರು ಅಂದ್ರೆ, ಟೀವಿಯಾಗೆ ಅರ್ಧ ಬಟ್ಟೆ ಹಾಕ್ಕಂಡು ಬಿದ್ಕಂಡಿರ್ತವಲ್ಲ, ಅವೆಲ್ಲ ಯಾವ ಊರಿನವು?"

ಖಾಲಾ ದಾರ ಕಚ್ಚಿ ಕಿತ್ತು ಹೇಳಿದರು: "ಅವೆಲ್ಲ ಇಲ್ಲಿಂದ್ಲೇ ಹೋದವು ಅಮ್ಮಾ."

ಹಿರಿಯೂರಿನ ಅನುಭವಸ್ಥರು

ನನ್ನ ಗಂಡನ ಕಡೆಯ ದೊಡ್ಡಪ್ಪನೊಬ್ಬರು ಹಿರಿಯೂರಿನಲ್ಲಿದ್ದಾರೆ. ಹಿಂದೆ ಆಫ್ರಿಕಾದ ಯಾವುದೋ ದೇಶದಲ್ಲಿ ಮೇಷ್ಟ್ರಾಗಿದ್ದು ಬಂದವರು. ನಮ್ಮ ವಂಶದಲ್ಲಿ ಹೊರದೇಶದಲ್ಲಿ ಪಾಠ ಮಾಡಿದವರು ಅವರೊಬ್ಬರೇ ಅಂತ ಮದುವೆ ಮುಂಜಿಯಲ್ಲಿ ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸುವುದು. "ಅವರನ್ನ ಕೇಳದೆ ಹೋದ್ರೆ ಬೇಜಾರು ಮಾಡ್ಕಂತಾರೆ, ಹೋಗಾಣ ನಡಿ" ಅಂತ ಗಂಡ ಎಬ್ಬಿಸಿಕೊಂಡು ಹೊರಟರು.

ದೊಡ್ಡಪ್ಪ ಹಜಾರದಲ್ಲಿ ಕೂರಿಸಿ ಮೊದಲು ಒಂದು ಮರದ ಆನೆ ತೋರಿಸಿದರು. ಆಮೇಲೆ ಮರದ ಜಿರಾಫೆ. ಆಮೇಲೆ ಅಲ್ಲಿಂದ ತಂದ ಒಂದು ಇಸ್ತ್ರಿಪೆಟ್ಟಿಗೆ. "ಇದರ ಪ್ಲಗ್ಗು ನಮ್ ದೇಶದ್ದಕ್ಕೆ ಹತ್ತಲ್ಲ. ಇವತ್ತಿಗೂ ಹಂಗೇ ಐತೆ ನೋಡು, ಹೊಸಾದು" ಅಂದರು.

"ದೊಡ್ಡಪ್ಪ, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?" ಅಂದೆ.

"ಹೇಳ್ತೀನಿ ತಡಿಯಮ್ಮ. ಮೊದಲು ಅಲ್ಲಿನ ಹವೆ ತಿಳ್ಕಾಬೇಕು." ಹವೆ ಆಯಿತು. ಹವೆಯಿಂದ ಹೊಟ್ಟೆಗೆ ಬಂದರು. ಅಲ್ಲಿನ ನೀರು ಹಿಡಿಯದೆ ಅವರ ಹೊಟ್ಟೆ ಪಟ್ಟ ಪಾಡನ್ನು ನಮ್ಮ ಮುಂದೆ ಊಟಕ್ಕಿಟ್ಟಿದ್ದಾಗಲೇ ಹೇಳಿದರು, ಏನೂ ಬಿಡದೆ. ನನ್ನ ಗಂಡ ತಟ್ಟೆ ಪಕ್ಕಕ್ಕೆ ಸರಿಸಿ ಕೂತರು.

"ಇಂಟರ್‌ವ್ಯೂ, ದೊಡ್ಡಪ್ಪ."

"ಭಾಷೆ ಮುಖ್ಯ. ನನ್ನ ಇಂಗ್ಲಿಷ್ ಕೇಳಿ ಅಲ್ಲಿನೋರು ದಂಗಾಗಿಬಿಟ್ರು." ದಂಗಾಗಿದ್ದು ಯಾಕೆ ಅಂತ ನನಗೆ ಅನುಮಾನವಿತ್ತು, ಕೇಳಲಿಲ್ಲ. "ಧೈರ್ಯ ಮುಖ್ಯ. ಎಷ್ಟು ಜನ ಕೂತಿದ್ರೂ ಅಂಜಬಾರ್ದು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. ನಾನು ಹಂಗೇ ಮಾಡಿದ್ದು."

ನನಗೆ ಸ್ವಲ್ಪ ಆಸೆ ಬಂತು. ಕೊನೆಗೂ ವಿಷಯಕ್ಕೆ ಬಂದರಲ್ಲ ಅಂತ ಮುಂದಕ್ಕೆ ಜರುಗಿ ಕೇಳಿದೆ. "ಮೊದಲನೇ ಪ್ರಶ್ನೆ ಏನು ಕೇಳಿದ್ರು ನಿಮಗೆ?"

ಅಡುಗೆಮನೆಯಿಂದ ದೊಡ್ಡಮ್ಮ ಮಜ್ಜಿಗೆ ತಂದಿಡುತ್ತಾ ಉತ್ತರ ಕೊಟ್ಟರು. "ಏನು ಕೇಳ್ತಾರೆ ಇವರನ್ನ? ಆಗ ಅಲ್ಲಿ ಗಲಾಟೆ ಎದ್ದು ಇದ್ದಬದ್ದ ಮೇಷ್ಟ್ರುಗಳೆಲ್ಲ ಓಡಿ ಬರ್ತಿದ್ರು. ಇವರಿಗೆ ಪೇಪರ್ ಓದೋ ಅಭ್ಯಾಸ ಇರ್ಲಿಲ್ಲ ನೋಡು, ಗೊತ್ತಾಗ್ದಂಗೆ ಹೊಂಟ್ರು."

ಪಾಪ, ಆತನ ಊಟ

ಹೊಸದುರ್ಗದಲ್ಲಿ ನನ್ನ ತವರಿನ ಕಡೆಯ ಮದುವೆ. ಅಲ್ಲಿಗೂ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಊಟದ ಪಂಕ್ತಿಯಲ್ಲಿ ಕೂತಿದ್ದೇ ತಡ, ಎದುರಿನ ಸಾಲಿನಿಂದ ಚಿಕ್ಕಮ್ಮ ಶುರು ಮಾಡಿದರು.

"ಹೋಗ್ತೀಯಂತೆ. ಹೋಗು. ಆದ್ರೆ ಪಾಪ, ಆತನ ಊಟ?"

ಪಕ್ಕದ ಅಜ್ಜಿ: "ಹೌದಲ್ಲ, ಅಳಿಯಂದ್ರ ಊಟ?" ಅದರಾಚೆ ಕೂತಿದ್ದ, ನಾನು ಹುಟ್ಟಿದ ಮೇಲೆ ಒಂದು ಸಲವೂ ನೋಡದ ಒಬ್ಬ ಹೆಂಗಸು: "ಗಂಡ್ಸು ಪಾಪ, ಎಷ್ಟೂಂತ ಹೋಟ್ಲಲ್ಲಿ ತಿಂತಾರೆ?"

ಇಂಟರ್‌ವ್ಯೂ ಯಾವತ್ತು, ಕೆಲಸ ಆಗುತ್ತೋ ಇಲ್ಲವೋ, ಎಷ್ಟು ದೂರ, ಒಬ್ಬಳೇ ಹೇಗಿರ್ತೀಯ ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ಅದೇ ಪಂಕ್ತಿಯಲ್ಲಿ ದುಬೈಗೆ ಹೋಗುವ ನಮ್ಮ ಮಾವನ ಮಗನೂ ಕೂತಿದ್ದ. ಅವನ ಹೆಂಡತಿ ಊಟ ಏನು ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ಕೇಳಿ. ಅವನಿಗೆ "ಭೇಷ್ ಕಣಪ್ಪ", ನನಗೆ "ಪಾಪ, ಆತನ ಊಟ". ನಮ್ಮ ಮನೆಯಲ್ಲಿ ಅಡುಗೆ ಮಾಡುವುದು ನಮ್ಮತ್ತೆ, ನನಗೂ ಅವರೇ ಬುತ್ತಿ ಕಟ್ಟುವುದು ಅಂತ ಕೂಗಿ ಹೇಳಬೇಕು ಅನ್ನಿಸಿತು. ಹೇಳಿದ್ದರೆ "ಪಾಪ, ಅತ್ತೆ" ಅಂತ ಶುರುವಾಗುತ್ತಿತ್ತು.

ನನ್ನ ಗಂಡ ಏನಾದರೂ ಹೇಳಬಹುದು ಅಂತ ಪಕ್ಕಕ್ಕೆ ತಿರುಗಿದೆ. ಆ ಪುಣ್ಯಾತ್ಮ ಎಲ್ಲರ ಕನಿಕರವನ್ನು ಮೈಮೇಲೆ ಎಳೆದುಕೊಂಡು, ಆಗಲೇ ಬಡವಾದವರ ಹಾಗೆ ಮುಖ ಇಳಿಬಿಟ್ಟುಕೊಂಡು ಹೋಳಿಗೆ ಮೇಲೆ ಹೋಳಿಗೆ ಇಳಿಸುತ್ತಿದ್ದರು. ಬಡಿಸುತ್ತಾ ಬಂದ ಅಡುಗೆಯವನು ಅವರ ಎಲೆಯ ಮುಂದೆ ನಿಂತು ನಿಟ್ಟುಸಿರು ಬಿಟ್ಟ.

"ಇನ್ನೆರಡು ಹಾಕ್ಲೇನಣ್ಣ? ತಿಂದ್ಬಿಡು. ಮುಂದೆ ಸಿಗ್ತೈತೋ ಇಲ್ವೋ."

ಅತಿಥಿಗಳು ಒಳಗಿದ್ದಾರೆ

ಕೊನೆಗೆ ಇಂಟರ್‌ವ್ಯೂನ ದಿನ ಬಂತು. ದ್ವೀಪದವರ ಷರತ್ತು ಒಂದೇ. ನನ್ನದೇ ಶಾಲೆಯಲ್ಲಿ, ನನ್ನದೇ ಮಕ್ಕಳಿಗೆ ಪಾಠ ಮಾಡಬೇಕು, ಅವರು ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ, ಆಮೇಲೆ ನಾಲ್ಕು ಪ್ರಶ್ನೆ. ಅದಕ್ಕೆ ಸೆಕ್ರೆಟರಿಯವರ ಅನುಮತಿ ಬೇಕಲ್ಲ. ಮಂಡಿಗೆ ಹೋಗಿ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದರೆ ಅವರ ಮುಖ ಹಬ್ಬವಾಯಿತು. ನಾನೇ ತೊಲಗಿದರೆ ಸೊಸೆಯ ದಾರಿ ಸಲೀಸು, ಅದೊಂದು. ಫಾರಿನ್ನಿನವರು ನಮ್ಮ ಶಾಲೆ ನೋಡುತ್ತಾರೆ ಅನ್ನುವುದು ಇನ್ನೊಂದು.

"ಏನಾರ ಒಂದು ಕಾರ್ಯಕ್ರಮ ಮಾಡಾಣ ಬಿಡ್ರಿ ಮೇಡಂನೋರೆ."

"ಏನೂ ಮಾಡಬೇಡಿ ಸರ್. ಅದೇ ದೊಡ್ಡ ಉಪಕಾರ." ನಾನು ಸಂಕೋಚಕ್ಕೆ ಹೇಳಿದೆ ಅಂದುಕೊಂಡು ನಕ್ಕರು.

ಆ ಬೆಳಿಗ್ಗೆ ಗೇಟಿಗೆ ಬಂದರೆ ಕಾಂಪೌಂಡಿನುದ್ದ ಫ್ಲೆಕ್ಸು. "ಮಾಲ್ಡೀವ್ಸ್ ದೇಶದ ಗಣ್ಯರಿಗೆ ಹಾರ್ದಿಕ ಸುಸ್ವಾಗತ." ಸೆಕ್ರೆಟರಿಯವರ ಫೋಟೋ ಬಾಗಿಲಿನಷ್ಟು ದೊಡ್ಡದು. ಪಕ್ಕದಲ್ಲಿ ಕಮಿಟಿಯವರು, ಮಗ, ಸೊಸೆ. ಕೆಳಗೆ "ಪ್ರವೇಶ ಪ್ರಾರಂಭವಾಗಿದೆ". ನನ್ನ ಫೋಟೋ ಎಲ್ಲೂ ಇಲ್ಲ. "ಜಾಗ ಸಾಲ್ಲಿಲ್ವಂತೆ ಮೇಡಂ" ಅಂದರು ಪಿ.ಟಿ. ಮೇಷ್ಟ್ರು.

ಕ್ಲಾಸಿನೊಳಗೆ ಕಮಿಟಿಯವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಮಕ್ಕಳು ಅವರ ತಲೆಗಳ ಸಂದಿಯಿಂದ ಇಣುಕುತ್ತಿವೆ. ಲ್ಯಾಪ್‌ಟಾಪ್ ಇಟ್ಟ ಮೇಜಿಗೆ ಜರಿ ಬಟ್ಟೆ, ಎದುರಿಗೆ ದೀಪ, ಊದುಬತ್ತಿ. ಬಾಗಿಲಲ್ಲಿ ಸೊಸೆ ಆರತಿ ತಟ್ಟೆ ಹಿಡಿದು ನಾಚಿಕೊಂಡು ನಿಂತಿದ್ದಾಳೆ. ಇದನ್ನೆಲ್ಲ ಎತ್ತಿಡಿ ಅನ್ನುವಷ್ಟರಲ್ಲಿ ಕರೆ ಬಂದೇ ಬಿಟ್ಟಿತು. ಪರದೆಯ ಮೇಲೆ ತಲೆಗೆ ವಸ್ತ್ರ ಹೊದ್ದ ಪ್ರಿನ್ಸಿಪಾಲಮ್ಮ, ಪಕ್ಕದಲ್ಲಿ ಕೇರಳದವರೊಬ್ಬರು ಮೇಷ್ಟ್ರು. "ಮಕ್ಕಳಿಗೆ ತೊಂದರೆ ಆಗಬಾರದು, ನಮ್ಮ ಮುಖ, ಧ್ವನಿ ಎರಡೂ ಆಫ್ ಮಾಡಿಕೊಳ್ತೀವಿ. ನೀವು ಶುರು ಮಾಡಿ" ಅಂದರು ಆಯಮ್ಮ. ಪರದೆ ಕಪ್ಪಾಯಿತು.

ಸನ್ನೆಕೋಲಿನ ಪಾಠ. ಹೊಳಲ್ಕೆರೆ ಮಕ್ಕಳಿಗೆ ಸನ್ನೆಕೋಲು ಅಂದರೆ ಅಡಕತ್ತರಿಗಿಂತ ಒಳ್ಳೆಯದು ಯಾವುದಿದೆ? ಒಂದು ಅಡಕತ್ತರಿ ಎತ್ತಿ ಹಿಡಿದು, "ಇದರಲ್ಲಿ ಆಧಾರ ಬಿಂದು ಎಲ್ಲಿದೆ?" ಅಂತ ಕೇಳಿದೆ. ಕೈಗಳು ಎದ್ದವು. ಅವುಗಳ ಜೊತೆಗೆ ಸೆಕ್ರೆಟರಿಯವರೂ ಎದ್ದರು.

"ಒಂದ್ನಿಮಿಷ ಮೇಡಂನೋರೆ. ಅತಿಥಿಗಳು ಬಂದವ್ರೆ. ಸ್ವಾಗತಾನೇ ಇಲ್ದೆ ಪಾಠ ಶುರು ಮಾಡಿದ್ರೆ ಏನಂದ್ಕಂತಾರೆ?"

"ಸರ್, ಅತಿಥಿಗಳು ಎಲ್ಲಿದಾರೆ ಇಲ್ಲಿ?"

"ಒಳಗವ್ರಲ್ಲ" ಅಂತ ಲ್ಯಾಪ್‌ಟಾಪು ತೋರಿಸಿದರು. ತೋರಿಸಿ, ಅದಕ್ಕೆ ಗುಲಾಬಿ ಹಾರ ಹಾಕಿದರು.

ಹಾರ ಎರಡೂ ಕಡೆ ಇಳಿಬಿದ್ದು, ಮುಂದೆ ದೀಪ, ಊದುಬತ್ತಿಯ ಹೊಗೆ. ಕಪ್ಪಾದ ಪರದೆ. ಅಯ್ಯೋ ಶಿವನೇ, ಬೆಳಿಗ್ಗೆ ತಾನೇ ಯಾರನ್ನೋ ಕಳೆದುಕೊಂಡ ಮನೆ ಥರ ಕಾಣುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೈ ಮುಗಿದಳು. ಅವಳನ್ನು ನೋಡಿ ಇಡೀ ಕ್ಲಾಸು ಎದ್ದು ಮೌನ ಆಚರಿಸಿತು. ಸೆಕ್ರೆಟರಿಯವರಿಗೆ ಇದು ಬಹಳ ಗೌರವವಾಗಿ ಕಂಡಿತು. ಲ್ಯಾಪ್‌ಟಾಪಿನ ತಲೆಯ ಮೇಲೆ ಪೇಟ ಇಟ್ಟರು. ಅದು ಜಾರಿತು. ಪಿ.ಟಿ. ಮೇಷ್ಟ್ರು ಹಿಂದಿನಿಂದ ಹಿಡಿದುಕೊಂಡರು. ಆಮೇಲೆ ಒಂದು ಕೆಂಪು ಶಾಲು ಬಿಚ್ಚಿ, ಪೇಟ ಹಾರ ಸಮೇತ ಪೂರ್ತಿ ಹೊದಿಸಿಬಿಟ್ಟರು.

ನಾನು ಓಡಿಬಂದು ಶಾಲಿಗೆ ಕೈ ಹಾಕಿದೆ. ಸೆಕ್ರೆಟರಿ ಅಡ್ಡ ಬಂದರು. "ಹಂಗೆ ಹೊದಿಸಿದ ಶಾಲು ಕೂಡ್ಲೇ ತೆಗೀಬಾರ್ದು ಮೇಡಂನೋರೆ. ಅತಿಥಿಗೆ ಅವಮಾನ."

ಪಿ.ಟಿ. ಮೇಷ್ಟ್ರು ಶಾಲಿನೊಳಗೆ ತಲೆ ತೂರಿಸಿ ನೋಡಿ ಹೊರಗೆ ತೆಗೆದರು. "ಒಳಗೆ ಏನೂ ಇಲ್ಲ ಮೇಡಂ. ಬರೀ ಕಪ್ಪು. ಲೈನ್ ಹೋಗೈತೆ." ಆ ಮನುಷ್ಯನ ಕಂಪ್ಯೂಟರ್ ಜ್ಞಾನ ಎಷ್ಟು ಅಂತ ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಂಬಿಬಿಟ್ಟೆ. ಹೋಯಿತು. ದ್ವೀಪವೂ ಹೋಯಿತು, ಫಿಸಿಕ್ಸೂ ಹೋಯಿತು. ಅಷ್ಟರಲ್ಲಿ ಸೆಕ್ರೆಟರಿಯವರು ಗಂಟಲು ಸರಿಮಾಡಿಕೊಂಡು, ಬಾಯ್ತುಂಬ ಎಲೆ ಅಡಿಕೆ ಇಟ್ಟುಕೊಂಡೇ, ಶಾಲಿಗೆ ಸ್ವಾಗತ ಭಾಷಣ ಶುರು ಮಾಡಿದರು.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಬೆಳಿಗ್ಗೆಯಿಂದ ನಾಲಿಗೆಯನ್ನು ಇಂಗ್ಲಿಷಿಗೆ ಹದ ಮಾಡಿಟ್ಟುಕೊಂಡಿದ್ದೆನಲ್ಲ, ಸಿಟ್ಟೂ ಇಂಗ್ಲಿಷಿನಲ್ಲೇ ಬಂತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಸಾಕು ನಿಲ್ಲಿಸು! ಇದು ನನ್ನ ಕ್ಲಾಸು. ಮೊದಲು ಹೊರಗೆ ಹೋಗಿ ಬಾಯಲ್ಲಿರೋದನ್ನ ಉಗುಳಿ ಬಾ. ಬಂದು ಲಾಸ್ಟ್ ಬೆಂಚಲ್ಲಿ ಕೂತ್ಕೋ. ಇನ್ನೊಂದು ಮಾತಾಡಿದರೆ ಕ್ಲಾಸಿನಿಂದ ಆಚೆ ನಿಲ್ಲಿಸ್ತೀನಿ!"

ಸೆಕ್ರೆಟರಿಯವರಿಗೆ ಅವರ ಜನ್ಮದಲ್ಲಿ ಯಾರೂ ಹೀಗೆ ಹೇಳಿರಲಿಕ್ಕಿಲ್ಲ. ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು. ಹೊರಗೆ ಹೋದರು. ಉಗುಳಿದರು. ಬಂದು ಲಾಸ್ಟ್ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಓರೆಯಾಗಿ ಕೂತರು. ಕಮಿಟಿಯವರೂ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಸದ್ದಿಲ್ಲದೆ ಹಿಂದೆ ಹೋದರು.

ಹೇಗೂ ಎಲ್ಲ ಹೋಯಿತು, ಕೊನೆಯ ಪಾಠವನ್ನಾದರೂ ನೆಟ್ಟಗೆ ಮಾಡಿ ಹೋಗೋಣ ಅಂತ ಮಾಡಿದೆ. ಅಂಥ ಪಾಠ ನಾನು ಮೊದಲು ಮಾಡಿರಲಿಲ್ಲ. ಅಡಿಕೆಯನ್ನು ತುದಿಯಲ್ಲಿಟ್ಟು ಒತ್ತಿದರೆ ಯಾಕೆ ಒಡೆಯಲ್ಲ, ಬುಡದಲ್ಲಿಟ್ಟರೆ ಯಾಕೆ ಟಕ್ ಅಂತ ಒಡೆಯುತ್ತೆ ಅಂತ ಮಕ್ಕಳೇ ಬಂದು ಒತ್ತಿ ಒಡೆದು ಕಂಡುಕೊಂಡವು. ಮಧ್ಯೆ ಹಿಂದಿನಿಂದ "ನಮ್ ಮಂಡೀಲಿ..." ಅಂತ ಶುರುವಾಯಿತು. "ಸೈಲೆನ್ಸ್!" ಅಂದೆ. ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಬೆಂಚಿನಿಂದ ಒಂದು ಕೈ ಎದ್ದಿತು. ಹೇಳು ಅಂದೆ. ಸರಿಯುತ್ತರ! ಬಾಯಿತಪ್ಪಿ "ವೆರಿ ಗುಡ್" ಅಂದುಬಿಟ್ಟೆ. ಸೆಕ್ರೆಟರಿಯವರ ಕಿವಿಯೆಲ್ಲ ಕೆಂಪಾಯಿತು.

ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದೆ. ಶಾಲಿನೊಳಗಿನಿಂದ ಒಂದು ಧ್ವನಿ ಬಂತು: "ಎಕ್ಸಲೆಂಟ್!"

ಕೈ ಮುಗಿದಿದ್ದ ಹುಡುಗಿ ಕಿಟಾರನೆ ಕಿರುಚಿದಳು. ನನ್ನ ಕೈಯಿಂದ ಡಸ್ಟರು ಬಿತ್ತು. ಲೈನು ಹೋಗಿರಲಿಲ್ಲ! ಶಾಲು ಕೀಳಬೇಕು ಅಂತ ಹೋದವಳು ಅಲ್ಲೇ ನಿಂತೆ. ಕಿತ್ತರೆ ಹಾರ, ದೀಪ, ಕಮಿಟಿ ಎಲ್ಲ ಕಾಣುತ್ತಲ್ಲ. ಇದ್ದಂಗೇ ಇರಲಿ ಅಂತ ಶಾಲಿಗೇ ನಮಸ್ಕಾರ ಮಾಡಿದೆ.

"ನಿಮ್ಮ ಕ್ಯಾಮೆರಾ ಕೆಟ್ಟಿದೆ ಅನ್ನಿಸುತ್ತೆ, ಮೊದಲು ಬರೀ ಹೊಗೆ ಥರ ಮಸುಕು, ಆಮೇಲಿಂದ ಬರೀ ಕೆಂಪು ಕಾಣ್ತಿದೆ" ಅಂದರು ಪ್ರಿನ್ಸಿಪಾಲಮ್ಮ ಇಂಗ್ಲಿಷಿನಲ್ಲಿ. "ಆದರೆ ಕಿವಿಗೆ ಎಲ್ಲ ಕೇಳಿಸಿತು. ಆ ತುಂಟ ಹುಡುಗ, ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡ್ತಿದ್ದನಲ್ಲ, ದೊಡ್ಡ ಧ್ವನಿಯವನು, ಅವನು ಯಾವಾಗಲೂ ಹೀಗೇನಾ?"

"ಮೊದಲಿನಿಂದಲೂ ಹೀಗೇ ಮೇಡಂ" ಅಂದೆ.

"ನಮ್ಮಲ್ಲೂ ಅಂಥವರಿದ್ದಾರೆ. ಹೊಸ ಟೀಚರುಗಳು ಅಳ್ತಾ ವಾಪಸ್ ಹೋಗ್ತಾರೆ. ನೀವು ಅವನನ್ನು ಸುಮ್ಮನೆ ಕೂರಿಸಿದ್ದು ಮಾತ್ರವಲ್ಲ, ಕೊನೆಗೆ ಅವನ ಕೈಯಲ್ಲೇ ಉತ್ತರ ಹೇಳಿಸಿದಿರಿ. ನಮಗೆ ಬೇರೆ ಪ್ರಶ್ನೆ ಕೇಳುವುದು ಏನೂ ಇಲ್ಲ. ನೀವು ಬನ್ನಿ, ಆರ್ಡರ್ ಕಳಿಸ್ತೀವಿ."

ಮಕ್ಕಳು ಡೆಸ್ಕು ಗುದ್ದಿ ಚಪ್ಪಾಳೆ ಹೊಡೆದವು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಗಲಾಟೆ ನಿಂತ ಮೇಲೆ ಆಯಮ್ಮ ಸ್ವಲ್ಪ ಮೆಲ್ಲಗೆ ಕೇಳಿದರು. ಒಳ್ಳೆಯ ಮನಸ್ಸಿನವರು, ಪಾಪ. "ಒಂದೇ ಯೋಚನೆ. ನೀವು ಇಲ್ಲಿಗೆ ಬಂದುಬಿಟ್ಟರೆ ಆ ಹುಡುಗನ ಗತಿ ಏನು? ಅವನನ್ನು ಯಾರು ನೋಡ್ಕೋತಾರೆ?"

ನಾನು ಲಾಸ್ಟ್ ಬೆಂಚು ನೋಡಿದೆ. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳನ್ನು ನೋಡಿದೆ. ಕೆಲಸ ಕೊಟ್ಟವರಿಗೆ ಮೊದಲನೇ ದಿನವೇ ಸುಳ್ಳು ಹೇಳುವುದು ಹೇಗೆ?

"ಜೂನ್‌ನಿಂದ ಅವನ ಸೊಸೆ ನೋಡ್ಕೋತಾಳೆ ಮೇಡಂ."

ಶಾಲಿನೊಳಗೆ ಇಬ್ಬರೂ ಏನೋ ಪಿಸುಗುಟ್ಟಿಕೊಂಡರು. ಆಮೇಲೆ ಕೇರಳದ ಮೇಷ್ಟ್ರ ಧ್ವನಿ ಬಂತು, ಅಳುಕುತ್ತಾ.

"ನಿಮ್ಮ ಕಡೆ ಹೈಸ್ಕೂಲು ಮುಗಿಸೋಕೆ ಎಷ್ಟು ವರ್ಷ ಹಿಡಿಯುತ್ತೆ ಮೇಡಂ?"